ಸಹಾಯ ಬೇಕು: ಅಪ್ಪನ ಜೊತೆ ಕೆಬ್ನೆಕೈಸೆಗೆ ಹೋಗಿ ಬಂದವರಿದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಸ್ಟಾಕ್‌ಹೋಮ್‌ನಲ್ಲಿ. ಆಗಸ್ಟ್ ಕೊನೆಗೆ ಊರಿಂದ ಅಪ್ಪ ಬರುತ್ತಿದ್ದಾರೆ. ವಯಸ್ಸು 63. ಕುಮಾರ ಪರ್ವತ ಹತ್ತಿದ ಹೆಮ್ಮೆ ಬೇರೆ! ಸ್ವೀಡನ್ನಿನ ಅತಿ ಎತ್ತರದ ಬೆಟ್ಟ ಕೆಬ್ನೆಕೈಸೆ ನೋಡಲೇಬೇಕಂತೆ.

ರಾತ್ರಿ ರೈಲಲ್ಲಿ ಕಿರುನಾ, ಅಲ್ಲಿಂದ ಬಸ್ಸಲ್ಲಿ ನಿಕ್ಕಲುವೊಕ್ತಾ. ಆಮೇಲೆ ಬೆಟ್ಟದ ಬುಡದ ವಸತಿಗೃಹಕ್ಕೆ 19 ಕಿ.ಮೀ. ನಡಿಗೆ. ನಡುವೆ ಸರೋವರದಲ್ಲಿ ದೋಣಿ ಹತ್ತಿದರೆ ನಡೆಯುವುದು ಸ್ವಲ್ಪ ಉಳಿಯುತ್ತದೆ. ಅಪ್ಪ ವಸತಿಗೃಹದವರೆಗೆ ಮಾತ್ರ.

ತುದಿಗೆ ನಾನೊಬ್ಬಳೇ ಹೋಗುವುದು. ಪೂರ್ವದ ದಾರಿಯಲ್ಲಿ ಹಿಮನದಿ ದಾಟಬೇಕು, ಗೈಡ್ ಬೇಕು. ಅದು ಬೇಡ. ಪಶ್ಚಿಮದ ದಾರಿ ಉದ್ದ. ನಡುವಿನ ವಿಯರ್ರನ್‌ವಾರಿ ಅನ್ನೋ ಬೆಟ್ಟ ಹತ್ತಿ, ಇಳಿದು, ಮತ್ತೆ ಹತ್ತಬೇಕು. (ವಾಪಸ್ ಬರುವಾಗಲೂ ಅದೇ ಕಥೆ!) ಕೆಬ್ನೆಕೈಸೆಗೆ ಎರಡು ತುದಿ. ಹಿಮ ಕರಗಿ ದಕ್ಷಿಣ ತುದಿ ತಗ್ಗಿದೆ, 2019ರಲ್ಲಿ ಅಳೆದಾಗ ಉತ್ತರ ತುದಿಯೇ ಎತ್ತರ ಬಂತು. ಆದರೂ ಹೆಚ್ಚಿನವರು ಹೋಗುವುದು ದಕ್ಷಿಣಕ್ಕೇ ಅಲ್ವಾ?

ಹೋಗಿ ಬಂದವರು ದಯವಿಟ್ಟು ಹೇಳಿ. ಕೊನೆಯ ಹಿಮದ ಏರಿಗೆ ಬೂಟಿಗೆ ಕಟ್ಟುವ ಮುಳ್ಳಿನ ಪಟ್ಟಿ ಬೇಕೇಬೇಕಾ? ಬಾಡಿಗೆಗೆ ಅಲ್ಲೇ ಸಿಗುತ್ತದಾ? ಸೆಪ್ಟೆಂಬರ್ ಮೊದಲ ವಾರ ದೋಣಿ ಇರುತ್ತದಾ? ಅಪ್ಪ ಶುದ್ಧ ಸಸ್ಯಾಹಾರಿ. ಅವಲಕ್ಕಿ, ಚಟ್ನಿಪುಡಿ ಹೊತ್ತೊಯ್ಯುತ್ತೇವೆ, ಅನ್ನ ಮಾಡಿಕೊಳ್ಳಲು ಒಲೆ ಸಿಕ್ಕಿದರೆ ಸಾಕು. ಟಿಕೆಟ್ ಈ ವಾರವೇ ಮಾಡಿಸಬೇಕು, ಬೇಗ ತಿಳಿಸಿದರೆ ಉಪಕಾರ.