ಕಶುವಂಡಿಪ್ಪರಿಪ್ಪಿಗೆ ಕನ್ನಡದಲ್ಲಿ ಏನನ್ನಬೇಕು? (ನಾಳೆ ಸಂಜೆ ಐದರೊಳಗೆ)

ಮುಳ್ಳೇರಿಯದಿಂದ, ಬುಧವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಕುಟುಂಬಶ್ರೀ (ಕೇರಳದ ಹೆಂಗಸರ ಸ್ವಸಹಾಯ ಸಂಘ) ಘಟಕದ ಹೆಂಗಸರು ಸೇರಿ ಈ ವರ್ಷ ಬೀಜ, ಪೇಟೆಯವರು ಗೋಡಂಬಿ ಎನ್ನುವುದು, ಸುಲಿದು ಪ್ಯಾಕೆಟ್ ಮಾಡಿ ಮಾರಲು ಹೊರಟಿದ್ದೇವೆ. ಚೀಟಿಯ ಮೇಲೆ ಮಲಯಾಳದ ಜೊತೆಗೆ ಕನ್ನಡವೂ ಇರಬೇಕೆಂದು ಹಟ ಹಿಡಿದವಳು ನಾನು. ಹಟ ಹಿಡಿದವಳ ತಲೆಗೇ ಕೆಲಸವೂ ಬಂತು.

ಮಲಯಾಳದಲ್ಲಿ ಮೂರು ಸಾಲುಗಳಿವೆ: ಕಶುವಂಡಿ (ಸಿಪ್ಪೆಯೊಡನೆ ಇರುವ ಬೀಜ), ಕಶುವಂಡಿಪ್ಪರಿಪ್ಪ್ (ಸುಲಿದ ತಿರುಳು), ಕಶುಮಾಂಗ ಸ್ಕ್ವಾಶ್ (ಅದೇ ಮರದ ಹಣ್ಣಿನದು). ಮುದ್ರಣದವರು ತಮ್ಮ ಮೊಬೈಲಿನಲ್ಲೇ ಅನುವಾದ ಮಾಡಿ ಮಾದರಿ ಕಳುಹಿಸಿದ್ದಾರೆ. ಮೊದಲನೆಯದು "ಗೋಡಂಬಿ", ಎರಡನೆಯದು "ಗೋಡಂಬಿ ಬೇಳೆ", ಮೂರನೆಯದು "ಗೋಡಂಬಿ ಮಾವಿನಹಣ್ಣಿನ ಸ್ಕ್ವಾಶ್". ಪರಿಪ್ಪು ಎಂದರೆ ಮಲಯಾಳದಲ್ಲಿ ತೊಗರಿಬೇಳೆಯೂ ಹೌದು, ಒಳಗಿನ ತಿರುಳೂ ಹೌದು. ಯಂತ್ರ ಬೇಳೆಯನ್ನು ಹಿಡಿದುಕೊಂಡಿತು. ಮಾಂಗ ಎಂದದ್ದಕ್ಕೆ ಮಾವು ತಂದಿಟ್ಟಿತು. ಆ ಬಾಟಲಿಯಲ್ಲಿ ಮಾವಿನ ಒಂದು ಹನಿಯೂ ಇಲ್ಲ.

ಮನೆಯಲ್ಲಿ ನಾವು ಹೇಳುವುದು ಬರಿಯ "ಬೀಜ". ಬೀಜ ಹೆಕ್ಕಲು ಹೋದಳು, ಈ ಸಲ ಬೀಜಕ್ಕೆ ಕ್ರಯವಿಲ್ಲ, ಮದುವೆಗೆ ತೊಂಡೆಕಾಯಿ ಮತ್ತು ಎಳೆ ಬೀಜದ ಪಲ್ಯ. ಒಳಗಿನದ್ದು ಬೀಜದ ಬೊಂಡು. ಆದರೆ "ಬೀಜ" ಎಂದಷ್ಟೇ ಅಚ್ಚು ಹಾಕಿಸಿದರೆ ಬೆಂಗಳೂರಿನವರು ಬಿತ್ತಲು ಕೊಂಡೊಯ್ದಾರು.

ಚೀಟಿ ಎರಡು ಇಂಚು ಅಗಲ. ನಾಳೆ ಸಂಜೆ ಐದಕ್ಕೆ ಅಚ್ಚಿಗೆ ಹೋಗುತ್ತದೆ. ಮೂರು ವಸ್ತುಗಳಿಗೆ ಮೂರು ಪದ ಹೇಳಿ, ಸಾಕು. ಪದದ ಹುಟ್ಟು ತಿಳಿಯುವ ಆಸೆ ನನಗೂ ಇದೆ, ಆದರೆ ಅದು ಶುಕ್ರವಾರದ ಮೇಲೆ.

ಕುಂಬಳೆಯಿಂದ, ಬುಧವಾರ

ಗೇರುಬೀಜ. ಕೇಳುವುದಕ್ಕೆ ಏನಿದೆ?

ಗೋಡಂಬಿ ಮರಾಠಿಯಿಂದ ಬಂದದ್ದು, ಬೇಡ. ಕಾಜು ಪೋರ್ಚುಗೀಸರದು, ಅವರು ಬ್ರೆಜಿಲಿನ ತುಪಿ ಜನರಿಂದ ಎತ್ತಿಕೊಂಡು 16ನೆಯ ಶತಮಾನದಲ್ಲಿ ಗಿಡದ ಜೊತೆಗೆ ಇಲ್ಲಿ ಇಳಿಸಿದರು. ಮಲಯಾಳದ ಕಶು, ಇಂಗ್ಲಿಷಿನ ಕ್ಯಾಶ್ಯೂ, ಹಿಂದಿ, ಮರಾಠಿ, ಕೊಂಕಣಿಗಳ ಕಾಜು, ಎಲ್ಲವೂ ಅದೇ ಹಡಗಿನ ಸರಕು. ಸ್ವಂತ ಪದ ಉಳಿಸಿಕೊಂಡವರು ನಾವು. ಅದನ್ನು ಬಿಟ್ಟು ಎರವಲಿಗೆ ಕೈಯೊಡ್ಡುವ ಬುದ್ಧಿ ಏಕೆ?

ಗೇರು ಅಚ್ಚಗನ್ನಡ ಎಂಬುದಕ್ಕೆ ಸಾಕ್ಷಿ ಬೇಕೆನ್ನುವವರಿಗೆ: ಕೇರಿ, ಚೇರಿ. ಕಿವಿ, ಚೆವಿ. ಕೆರೆ, ಚಿರ. ಗೆಯ್, ಚೆಯ್. ಗೇರು, ಚೇರು. ನಮ್ಮ ಕಕಾರ ಗಕಾರಗಳಿಗೆ ಇ, ಎ ಮುಂದಿರುವಲ್ಲಿ ಮಲಯಾಳದಲ್ಲಿ ಚಕಾರ. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಯಂತ್ರದ ಅನುವಾದದ ಬಗ್ಗೆ ಅಳುವುದು ಬೇಡ, ತಂಗೀ. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ನಮ್ಮ ಫಲಕಗಳಿಗೆ ಇದೇ ಪಾಡು. ಆಗ ಮನುಷ್ಯರು ಮಾಡುತ್ತಿದ್ದ ತಪ್ಪನ್ನು ಈಗ ಮೊಬೈಲ್ ಬೇಗ ಮಾಡುತ್ತದೆ.

ಹೊಸೂರಿನಿಂದ, ಬುಧವಾರ ಮಧ್ಯಾಹ್ನ

ಮೇಷ್ಟ್ರೇ, ನಮ್ಮ ಪೇಟೆಯಲ್ಲಿ ಗೇರುಬೀಜ ಕೊಡಿ ಎಂದರೆ ಅಂಗಡಿಯವನು ಮುಖ ನೋಡುತ್ತಾನೆ. ಬೆಂಗಳೂರಿನಲ್ಲೂ ಅಷ್ಟೇ. ಅರ್ಧ ಕರ್ನಾಟಕ ದಿನವೂ ಗೋಡಂಬಿ ಎಂದು ಹೇಳಿ ಕೊಳ್ಳುತ್ತಿರುವಾಗ "ನಮ್ಮ ಪದವಲ್ಲ" ಎನ್ನಲು ನೀವು ಯಾರು, ನಾನು ಯಾರು?

ನಮ್ಮಲ್ಲಿ ಬೀದಿಯ ಪದ ತಮಿಳಿನ ಮುಂದಿರಿ. ಒಮ್ಮೆ ಪಾಲಕ್ಕಾಡಿನಲ್ಲಿ ನೆಂಟರ ಮನೆಯ ಅಡುಗೆಗೆ ಕೈಹಾಕಿ, ಪಾಯಸಕ್ಕೆ ಮುಂದಿರಿ ಎಲ್ಲಿ ಎಂದು ಕೇಳಿದೆ. ಒಣದ್ರಾಕ್ಷಿಯ ಡಬ್ಬಿ ಬಂತು. ಮಲಯಾಳದಲ್ಲಿ ಮುಂದಿರಿ ಎಂದರೆ ದ್ರಾಕ್ಷಿ. ಪಾಯಸಕ್ಕೆ ಎರಡೂ ಬೇಕಾದ್ದರಿಂದ ಮಾನ ಉಳಿಯಿತು. ಪರಂಗಿಯದೂ ಇದೇ ಕಥೆ: ನಮಗೆ ಪರಂಗಿ ಹಣ್ಣು ಪಪ್ಪಾಯಿ, ತಮಿಳಿನ ಪರಂಗಿಕ್ಕಾಯಿ ಸಿಹಿಗುಂಬಳ, ಮಲಯಾಳದ ಪರಂಗಿಮಾಂಗ ಈ ನಿಮ್ಮ ಗೇರುಹಣ್ಣು. ಪರಂಗಿಯವನು ಬಂದದ್ದು ಒಂದೇ ಕಡಲಿನಿಂದ, ಒಂದೊಂದು ಊರಿನಲ್ಲಿ ಒಂದೊಂದು ಕಾಯಾಗಿ ಕುಳಿತ.

ನನ್ನ ಊಹೆ ಹೇಳುತ್ತೇನೆ. ಮುಂದಿರಿ ನಮ್ಮದೇ ಪದ. ಮುಂದೆ ಇರುವುದು ಮುಂದಿರಿ. ಹಣ್ಣಿನ ಹೊರಗೆ, ಮೂತಿಯ ಮುಂದೆ ಬೀಜ ಇಟ್ಟುಕೊಂಡಿರುವ ಹಣ್ಣು ಇದನ್ನು ಬಿಟ್ಟು ಇನ್ನಾವುದಿದೆ?

ಕುಂಬಳೆಯಿಂದ, ಬುಧವಾರ

ಕಟ್ಟುಕಥೆ. ಮುಂದಿರಿ, ಮುಂದಿರಿಕೈ ಎಂಬುದು ಹಳೆಯ ತಮಿಳಿನಲ್ಲಿ ದ್ರಾಕ್ಷಿಯ ಹೆಸರು. ಪರಂಗಿಯವರು ಬರುವುದಕ್ಕೆ ಮೊದಲಿನದು. ದ್ರಾಕ್ಷಿಯ ಬೀಜ ಮೂತಿಯ ಮುಂದೆ ಇರುತ್ತದೆಯೇ? ಮುಗಿಯಿತು.

ಅಕ್ಕಲಕೋಟೆಯಿಂದ, ಬುಧವಾರ ರಾತ್ರಿ

ಅಕ್ಕಾವರಿಗೆ ಬೇಕಾದ ಉತ್ತರ ಮಾಸ್ತರರು ಕೊಟ್ಟಿದ್ದಾರೆ, ಅದನ್ನು ಬರೆದುಕೊಳ್ಳಲಿ. ಆದರೆ ಅವರು ಕೊಟ್ಟ ಕಾರಣವನ್ನು ಒಪ್ಪಲು ನನ್ನಿಂದಾಗದು. ನಮ್ಮ ತಂದೆ ಆಯುರ್ವೇದದ ಔಷಧಿ ಅಂಗಡಿ ಇಟ್ಟಿದ್ದರು. ಈ ಎರಡೂ ಬೀಜಗಳನ್ನು ತೂಗಿ ಕೊಟ್ಟ ಕೈ ನನ್ನದು.

ಮೊದಲು ಗೋಡಂಬಿ. ನಮ್ಮ ಗಡಿಯಲ್ಲಿ ಮರಾಠಿಯವರಿಗೆ ಗೋಡಂಬಿ ಎಂದರೆ ಕಾಜು ಅಲ್ಲ. ಬಿಬ್ಬಾ ಎಂಬ ಮರದ ಬೀಜವನ್ನು ಒಡೆದರೆ ಒಳಗೆ ಸಿಗುವ ಬಿಳಿಯ ಸಣ್ಣ ತಿರುಳು. ಚಳಿಗಾಲದಲ್ಲಿ ಅಂಟಿನ ಉಂಡಿಗೆ ಹಾಕುತ್ತಾರೆ. ಬಿಬ್ಬಾ ಎಂದರೆ ಸಂಸ್ಕೃತದ ಭಲ್ಲಾತಕ, ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಯಿ. ಸಿಪ್ಪೆಯ ಕಪ್ಪು ರಸ ತಾಗಿದಲ್ಲಿ ಚರ್ಮ ಬೊಬ್ಬೆ ಏಳುತ್ತದೆ, ಬಟ್ಟೆಯ ಮೇಲೆ ಬಿದ್ದರೆ ಒಗೆದರೂ ಹೋಗುವುದಿಲ್ಲ. ಒಳಗಿನ ತಿರುಳು ಮಾತ್ರ ಸಿಹಿ. ದಕ್ಷಿಣದವರು ಆ ಹೆಸರನ್ನು ಕಾಜುವಿಗೆ ಕೊಟ್ಟರು. ಆದ್ದರಿಂದ ಚೀಟಿಯಲ್ಲಿ ಬರಿಯ ಗೋಡಂಬಿ ಎಂದು ಕಂಡರೆ ನಮ್ಮ ಊರಿನಲ್ಲಿ ಇನ್ನೊಂದು ಕಲ್ಪನೆ ಬರುತ್ತದೆ.

ಇನ್ನು ಮಾಸ್ತರರ ಗೇರು. ಅವರು ಹೇಳಿದ ಚೇರನ್ನು ಯಾವನಾದರೂ ಹಿರಿಯ ಮಲಯಾಳಿಗೆ ತೋರಿಸಿ ಕೇಳಿ. ಅವನು ಕಾಜುವಿನ ಮರವಾದ ಕಶುಮಾವನ್ನು ತೋರಿಸುವುದಿಲ್ಲ. ಮೈಗೆ ತಾಗಿದರೆ ಬೊಬ್ಬೆ ಬರಿಸುವ ಕಾಡುಮರವನ್ನು ತೋರಿಸುತ್ತಾನೆ. ಅದು ಇದೇ ಬಿಬ್ಬಾ, ಇಲ್ಲವೇ ಅದರ ಒಡಹುಟ್ಟು. ತಮಿಳಿನ ಸೇರಾಂಗೊಟ್ಟೆಯೂ ಅದೇ ಕಾಯಿ. ಕನ್ನಡದಲ್ಲೂ ಗೇರು ಎಂದರೆ ಮೂಲದಲ್ಲಿ ಆ ಮರವೇ. ಬ್ರೆಜಿಲಿನಿಂದ ಬಂದವನು ಹೆಸರನ್ನು ಕಸಿದುಕೊಂಡ ಮೇಲೆ, ಹೆಸರಿನ ಒಡೆಯ "ಕರಿಗೇರು" ಎಂದು ಬಣ್ಣ ಹಚ್ಚಿಕೊಂಡು ಮೂಲೆ ಸೇರಿತು. ಮಾಸ್ತರರೇ, ನಿಮ್ಮ ಧ್ವನಿನಿಯಮ ಸರಿ. ಅದು ತೋರಿಸುವ ಮರ ಬೇರೆ.

ಇದು ಮೆಣಸಿಗೆ ಆದ ಗತಿಯೇ. ಮೆಣಸು ಎಂದರೆ ಬಳ್ಳಿಯ ಕಾಳು. ಅಮೆರಿಕದ ಖಾರದ ಕಾಯಿ ಬಂದು ಮೆಣಸಿನಕಾಯಿ ಆಯಿತು, ಹಳೆಯದು ಕರಿಮೆಣಸು ಎಂದು ಹೇಳಿಸಿಕೊಳ್ಳಬೇಕಾಯಿತು. ನಿಮ್ಮ ಕಡೆ ಅದನ್ನು ಒಳ್ಳೆಮೆಣಸು ಎನ್ನುತ್ತಾರಲ್ಲ, ಹಳಬನಿಗೆ ಅಷ್ಟಾದರೂ ಮರ್ಯಾದೆ ಉಳಿಸಿದ್ದೀರಿ.

ತೆಲುಗಿನಲ್ಲೂ ಹೀಗೆಯೇ. ಜೀಡಿ ಎಂದರೆ ಕರಿಗೇರು, ಜೀಡಿಮಾಮಿಡಿ ಎಂದರೆ ಗೇರುಮರ, ಒಳಗಿನದು ಜೀಡಿಪಪ್ಪು. ಅಲ್ಲೂ ಪಪ್ಪು ಬೇಳೆಯೇ. ಅಕ್ಕಾವರ ಯಂತ್ರ ಅಲ್ಲಿಯೂ ಎಡವುತ್ತದೆ. ಯುರೋಪಿನವರೂ ಇದನ್ನೇ ಮಾಡಿದರು. ಅನಕಾರ್ಡಿಯಂ ಎಂಬುದು ಅವರ ಔಷಧಿ ಅಂಗಡಿಗಳಲ್ಲಿ ಭಲ್ಲಾತಕದ ಹೆಸರಾಗಿತ್ತು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಅದನ್ನು ತೆಗೆದು ಗೇರುಮರಕ್ಕೆ ಅನಕಾರ್ಡಿಯಂ ಆಕ್ಸಿಡೆಂಟೇಲ್ ಎಂದು ಇಟ್ಟ. ಪಡುವಣದ ಭಲ್ಲಾತಕ ಎಂದ ಹಾಗಾಯಿತು.

ಹೊಸೂರಿನವರು ಬೀಜ ಹೊರಗಿರುವ ಹಣ್ಣು ಇನ್ನಾವುದಿದೆ ಎಂದು ಕೇಳಿದರು. ಇದೇ ಇದೆ. ಕರಿಗೇರಿಗೂ ಕೆಳಗೆ ಕಿತ್ತಳೆ ಬಣ್ಣದ ಉಬ್ಬಿದ ತೊಟ್ಟು, ತುದಿಯಲ್ಲಿ ಕಪ್ಪು ಬೀಜ. ಗೇರುಹಣ್ಣನ್ನು ಮೊದಲು ಕಂಡವನಿಗೆ ಹೆಸರು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ.

ಕುಂಬಳೆಯಿಂದ, ಗುರುವಾರ ಬೆಳಿಗ್ಗೆ

ಕರಿಗೇರು ಎಂಬ ಪದ ನನಗೆ ತಿಳಿಯದ್ದೇನಲ್ಲ. ನೀವು ಹೇಳಿದ್ದರಿಂದ ನನ್ನ ಮಾತು ಗಟ್ಟಿಯಾಯಿತೇ ಹೊರತು ಬೀಳಲಿಲ್ಲ. ಹೊಸ ವಸ್ತು ಬಂದಾಗ ಮನೆಯಲ್ಲಿರುವ ಪದವನ್ನೇ ಹಿಗ್ಗಿಸುವುದು ಭಾಷೆಗೆ ಬೆನ್ನೆಲುಬಿರುವ ಲಕ್ಷಣ. ಅದು ಎರವಲಲ್ಲ. ಕರಾವಳಿಯವರು ಜನೇಲು, ಅನಾನಸು ಎಂದು ಪೋರ್ಚುಗೀಸರ ಮಾತನ್ನು ಹಾಗೆಯೇ ಬಾಯಿಗೆ ಹಾಕಿಕೊಂಡರು. ಗೇರಿನ ವಿಷಯದಲ್ಲಿ ಮಾತ್ರ ಬುದ್ಧಿ ಉಪಯೋಗಿಸಿದರು. ಆ ಬುದ್ಧಿಯನ್ನು ಉಳಿಸೋಣ ಎಂದೆ. ಅನ್ಯಭಾಷೆಯ ಒಂದು ಅಕ್ಷರವೂ ಇಲ್ಲದ ಚೀಟಿ ಒಂದಾದರೂ ಈ ಜಿಲ್ಲೆಯಲ್ಲಿ ಇರಲಿ.

ಹೊಸೂರಿನಿಂದ, ಗುರುವಾರ

ಮೇಷ್ಟ್ರೇ, ಗೇರುಬೀಜದಲ್ಲಿ "ಬೀಜ" ಯಾವ ಭಾಷೆ? ಸಂಸ್ಕೃತವಲ್ಲವೇ? ಅರ್ಧ ಅಚ್ಚಗನ್ನಡ, ಅರ್ಧ ಎರವಲು. ನಿಮ್ಮ ಲೆಕ್ಕದಲ್ಲಿ "ಗೇರುಬಿತ್ತು" ಎಂದು ಅಚ್ಚು ಹಾಕಿಸಬೇಕು.

ಕುಂಬಳೆಯಿಂದ, ಗುರುವಾರ

ಹಾಕಿಸಲಿ. ಬಿತ್ತು ಒಳ್ಳೆಯ ಪದ. ನಾಚಿಕೆ ಏಕೆ?

ಹೊಸೂರಿನಿಂದ, ಗುರುವಾರ

ನಾಚಿಕೆಯಲ್ಲ. "ಗೇರು ಬಿತ್ತು" ಎಂದು ಓದಿದವರೆಲ್ಲ ಬುಟ್ಟಿ ಹಿಡಿದುಕೊಂಡು ಮರದ ಬುಡಕ್ಕೆ ಓಡುತ್ತಾರೆ.

ಮುಳ್ಳೇರಿಯದಿಂದ, ಗುರುವಾರ ಸಂಜೆ ನಾಲ್ಕೂವರೆ

ಎಲ್ಲರಿಗೂ ಉಪಕಾರವಾಯಿತು. ಕೊನೆಗೆ ಕೊಟ್ಟದ್ದು ಹೀಗೆ. ಸಿಪ್ಪೆಯೊಡನೆ ಇರುವುದಕ್ಕೆ "ಗೇರುಬೀಜ". ಸುಲಿದದ್ದಕ್ಕೆ "ಗೇರುಬೀಜದ ತಿರುಳು", ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಗೋಡಂಬಿ". ಬಾಟಲಿಗೆ "ಗೇರುಹಣ್ಣಿನ ಸ್ಕ್ವಾಶ್". ಬೊಂಡು ಎಂದು ಬರೆಯುವ ಆಸೆ ಬಹಳ ಇತ್ತು, ಆದರೆ ಚಂದ್ರಗಿರಿ ಹೊಳೆಯಿಂದ ಪುತ್ತೂರಿನವರೆಗೆ ಬಿಟ್ಟರೆ ಯಾರಿಗೆ ಅರ್ಥವಾದೀತು? ಬೊಂಡ ಎಂದು ಓದಿಕೊಂಡು ಎಳನೀರು ಕೇಳುತ್ತಾರೆ.

ಗೇರು ಇಟ್ಟದ್ದು ಅಚ್ಚಗನ್ನಡ ಎಂದಲ್ಲ, ಮಾಸ್ತರರೇ, ಕ್ಷಮಿಸಿ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಿಂದ ತಂದ ಗಿಡಗಳ ಜೊತೆ ಬಂದ ಕಾಗದದಲ್ಲಿ ಗೇರು ಎಂದಿದೆ, ನಮ್ಮ ತೋಟವನ್ನು ಊರಿನವರು ಕರೆಯುವುದು ಗೇರುಗುಡ್ಡೆ ಎಂದು. ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಾಲದ ಸುದ್ದಿಯನ್ನು ನಾವು ಕನ್ನಡ ಪತ್ರಿಕೆಗಳಲ್ಲಿ ಓದಿದ್ದೂ ಗೇರುತೋಟ ಎಂಬ ಹೆಸರಿನಲ್ಲಿಯೇ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಇಲ್ಲಿ ಅದೇ ಪದ. ಗೋಡಂಬಿ ಸೇರಿಸಿದ್ದು ಬೇಕಲ ಕೋಟೆ ನೋಡಲು ಬರುವ ಬೆಂಗಳೂರಿನವರಿಗಾಗಿ. ನಮ್ಮ ಅರ್ಧ ವ್ಯಾಪಾರ ಅವರಿಂದ ಆಗಬೇಕು. ಅಕ್ಕಲಕೋಟೆಯ ಅಣ್ಣ ಸಿಟ್ಟಾಗಬಾರದು, ಅಷ್ಟು ದೂರಕ್ಕೆ ನಮ್ಮ ಪ್ಯಾಕೆಟ್ ಬರುವುದು ಅನುಮಾನ.

ನಿಮ್ಮ ಕಾಗದವನ್ನು ನಿನ್ನೆ ರಾತ್ರಿ ಘಟಕದ ಎಲ್ಲರಿಗೂ ಓದಿ ಹೇಳಿದೆ. ಅಗಸರು ಗುರುತು ಹಾಕುವ ಮಾತು ಬಂದಾಗ ನಮ್ಮಲ್ಲಿ ಅತಿ ಹಿರಿಯರಾದವರು ಏನೂ ಹೇಳದೆ ಕೈ ಮುಂದೆ ಚಾಚಿದರು. ಬೀಜದ ಸೊನೆ ಕುಡಿದು ಬೆರಳುಗಳ ತುದಿ ಕಪ್ಪಾಗಿದೆ. ಮೂವತ್ತು ವರ್ಷ ಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ಬಿಟ್ಟು ಎಷ್ಟೋ ಕಾಲವಾಯಿತು. ಎರಡು ಮರಗಳಿಗೆ ಒಂದೇ ಹೆಸರು ಏಕೆ ಬಂತೆಂದು ಮತ್ತೆ ಯಾರೂ ಕೇಳಲಿಲ್ಲ.

ಕುಂಬಳೆಯಿಂದ, ಗುರುವಾರ ಸಂಜೆ ಐದು ಹತ್ತು

ಮೂರನೆಯ ಸಾಲಿನಲ್ಲಿ ಸ್ಕ್ವಾಶ್ ಏಕೆ? ಯಾರ ಕಣ್ಣಿಗೂ ಬೀಳಲಿಲ್ಲವೇ? ಪಾನಕ ಎಂದು ತಿದ್ದಿಸಿ.

ಮುಳ್ಳೇರಿಯದಿಂದ, ಗುರುವಾರ ಸಂಜೆ

ಅಚ್ಚಿಗೆ ಹೋಯಿತು, ಮಾಸ್ತರರೇ.