ಅಪ್‌ಡೇಟ್: ವಿಮಾನ ಮೆಕ್ಯಾನಿಕ್ ಆಗಲು ಯಾವ ಲೈಸೆನ್ಸ್ ಬೇಕು ಅಂತ ಕೇಳಿದ್ದೆನಲ್ಲ

ಕುಂಬಳೆಯಿಂದ ಕೇಳಿದ್ದವನು ನಾನೇ. ತಮ್ಮನ ಪ್ಲಸ್ ಟು ಸೈನ್ಸ್ ಮುಗಿದಿದೆ, ವಿಮಾನ ರಿಪೇರಿ ಕೆಲಸಕ್ಕೆ ಏನೇನು ಬೇಕು ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

"ಫೀಸ್ ಕಟ್ಟುವ ಮೊದಲು ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ) ಪಟ್ಟಿಯಲ್ಲಿ ಕಾಲೇಜಿನ ಹೆಸರು ಹುಡುಕಿ" ಅಂದವರ ಮಾತೇ ಕೆಲಸಕ್ಕೆ ಬಂತು. ನಾವು ಸೇರಿಸಬೇಕು ಅಂದುಕೊಂಡಿದ್ದ ಕಡೆಗೆ ಸಿಎಆರ್-147 ಅನುಮತಿಯೇ (ಈ ತರಬೇತಿ ಕೊಡಲು ಡಿಜಿಸಿಎ ಕೊಡುವ ಒಪ್ಪಿಗೆ) ಇರಲಿಲ್ಲ. ಬ್ರೋಷರ್ ತುಂಬ ವಿಮಾನದ ಫೋಟೋ ಮಾತ್ರ! ಈಗ ಅನುಮತಿ ಇರುವ ಕಡೆ ಬಿ1.1 ಕೋರ್ಸಿಗೆ (ಟರ್ಬೈನ್ ಎಂಜಿನ್ ಇರುವ ವಿಮಾನಗಳ ರಿಪೇರಿ ಲೈಸೆನ್ಸ್‌ನ ವಿಭಾಗ) ಸೀಟು ಸಿಕ್ಕಿದೆ.

"ಮೆಕ್ಯಾನಿಕಲ್ ಡಿಪ್ಲೊಮಾ ಸಾಕು" ಅನ್ನೋ ಸಲಹೆ ನಮಗೆ ಆಗಿಬರಲಿಲ್ಲ. ಲೈಸೆನ್ಸ್ ಇಲ್ಲದಿದ್ದರೂ ಟೆಕ್ನೀಷಿಯನ್ ಆಗಿ ಕೆಲಸ ಮಾಡಬಹುದು, ಆದರೆ ರಿಪೇರಿ ಮುಗಿದ ಮೇಲೆ ವಿಮಾನ ಹಾರಬಹುದು ಅಂತ ಸಹಿ ಹಾಕೋ ಹಾಗಿಲ್ಲ, ತಮ್ಮನಿಗೆ ಬೇಕಿರೋದು ಅದೇ ಅಲ್ವಾ.

ನಮಗೆ ಆಶ್ಚರ್ಯ ಆಗಿದ್ದು, ಕೋರ್ಸ್ ಸರ್ಟಿಫಿಕೇಟೇ ಲೈಸೆನ್ಸ್ ಅಲ್ಲ! ಡಿಜಿಸಿಎಯ ಒಂದೊಂದು ಮಾಡ್ಯೂಲ್ (ವಿಷಯ) ಪರೀಕ್ಷೆಯಲ್ಲೂ ಪಾಸಾಗಲು 75% ಬೇಕು. ಅನುಮತಿ ಇರುವ ಕಡೆ ಕಲಿತರೂ ಬಿ1.1ಕ್ಕೆ ಸೇವೆಯಲ್ಲಿರುವ ವಿಮಾನಗಳ ಮೇಲೆ 2 ವರ್ಷ ಕೆಲಸ ಮಾಡಿದ ಅನುಭವ ತೋರಿಸಬೇಕು. ಅದಾದ ಮೇಲೂ ಏರ್‌ಬಸ್ ಎ320 ವಿಮಾನಕ್ಕೆ ಸಹಿ ಹಾಕಲು ಅದರದ್ದೇ ಟೈಪ್ ರೇಟಿಂಗ್ (ಆ ಮಾದರಿಗೆ ಅಂತಲೇ ಇರುವ ಅರ್ಹತೆ) ಬೇಕು. ಅಪ್ಪ ಇದನ್ನೆಲ್ಲ ಕೇಳಿ "ಇದಕ್ಕಿಂತ ಡಾಕ್ಟರಿಕೆ ಸುಲಭ" ಅಂದರು. ತಮ್ಮ ಆಗಲೇ ಬ್ಯಾಗ್ ಕಟ್ಟುತ್ತಿದ್ದಾನೆ.