ಬೇಸಿಗೆ ಇಂಟರ್ನ್‌ಶಿಪ್: ಜಿಲ್ಲಾ ಕೋರ್ಟಿನ ಸೀನಿಯರ್ ಹತ್ತಿರ ಹೋಗಲಾ, ಲಾ ಫರ್ಮ್‌ಗೆ ಹೋಗಲಾ?

ಎರಡನೇ ವರ್ಷದವನು ಕೇಳಿದ್ದು:

ಮೂರು ವರ್ಷದ ಎಲ್‌ಎಲ್‌ಬಿ, ಈಗ ಎರಡನೇ ವರ್ಷ ಮುಗಿಯುತ್ತಿದೆ. ಇಂಟರ್ನ್‌ಶಿಪ್‌ಗೆ ಎರಡು ಕಡೆ ಅವಕಾಶ ಇದೆ. ಒಂದು, ನಮ್ಮ ಜಿಲ್ಲಾ ಕೋರ್ಟಿನ ಒಬ್ಬ ಸೀನಿಯರ್ ವಕೀಲರು. ಜಾಸ್ತಿ ಸಿವಿಲ್, ಅದರಲ್ಲೂ ಪಾಲು ವಿಭಾಗದ ದಾವೆಗಳು, ಜೊತೆಗೆ ಒಂದಷ್ಟು ಚೆಕ್ ಬೌನ್ಸ್. ಇನ್ನೊಂದು, ಬೆಂಗಳೂರಿನ ಒಂದು ಲಾ ಫರ್ಮ್. ಅಲ್ಲಿ ಪ್ರಾಪರ್ಟಿ ಮತ್ತು ಕಂಪನಿ ಕೆಲಸ.

ಹೋಗಿ ಬಂದ ಸ್ನೇಹಿತರನ್ನು ಕೇಳಿದರೆ ಯಾರೂ ನೆಟ್ಟಗೆ ಹೇಳುತ್ತಿಲ್ಲ. ಒಬ್ಬ, ಜೆರಾಕ್ಸ್ ಮಾಡಿಸಿದ್ದೇ ಬಂತು ಅನ್ನುತ್ತಾನೆ. ಇನ್ನೊಬ್ಬಳು, ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತು ಬಂದೆ, ಏನು ನಡೆಯುತ್ತಿದೆ ಅಂತಲೇ ತಿಳಿಯಲಿಲ್ಲ ಅನ್ನುತ್ತಾಳೆ. ಇಬ್ಬರ ಹತ್ತಿರವೂ ಸರ್ಟಿಫಿಕೇಟ್ ಮಾತ್ರ ಇದೆ.

ಮೇ ತಿಂಗಳಲ್ಲಿ ಕೋರ್ಟುಗಳಿಗೇ ರಜೆ ಅಲ್ವಾ? ಆಗ ಹೋಗಿ ಏನು ಕಲಿಯೋದು? ನಿಜವಾಗಿ ನಿಮಗೆ ಏನು ಸಿಕ್ಕಿತು ಅಂತ ಹೇಳಿ. ಕೋಟು ಹೊಲಿಸಬೇಕಾ ಅನ್ನೋದೂ ಗೊತ್ತಿಲ್ಲ.

ಕಾಸ್‌ಲಿಸ್ಟ್ ಉತ್ತರಿಸಿದ್ದು:

ಮೊದಲು ನಿಯಮ ತಿಳಿದುಕೊಳ್ಳಿ, ಆಮೇಲೆ ಆಯ್ಕೆ ಸುಲಭ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಆಗಬೇಕು. ಯಾವ ವರ್ಷದಲ್ಲೂ ಬಿಡುವಿಲ್ಲದೆ ಸತತವಾಗಿ ನಾಲ್ಕು ವಾರಕ್ಕಿಂತ ಜಾಸ್ತಿ ಮಾಡುವಂತಿಲ್ಲ. ಓದು ಮುಗಿಯುವುದರೊಳಗೆ ಒಮ್ಮೆಯಾದರೂ ವಿಚಾರಣಾ ಕೋರ್ಟಿನ ವಕೀಲರ ಹತ್ತಿರವೂ ಮೇಲ್ಮನವಿ ನಡೆಸುವ ವಕೀಲರ ಹತ್ತಿರವೂ ಇರಬೇಕು. ಅಂದರೆ ಇವತ್ತಲ್ಲ ನಾಳೆ ಜಿಲ್ಲಾ ಕೋರ್ಟಿಗೆ ಹೋಗಲೇಬೇಕು.

ಕೋಟಿನ ವಿಷಯ: ಬಿಳಿ ಶರ್ಟು, ಬಿಳಿ ಅಥವಾ ಕಪ್ಪು ಪ್ಯಾಂಟು, ಕಪ್ಪು ಟೈ, ಕಪ್ಪು ಕೋಟು, ಪೂರ್ತಿ ಮುಚ್ಚಿದ ಕಪ್ಪು ಶೂ. ಕೊರಳಿನ ಬಿಳಿ ಬ್ಯಾಂಡು, ಗೌನು ಹಾಕಬೇಡಿ. ಅದು ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಸಿಕ್ಕ ಮೇಲೆ.

ಕಾಲೇಜಿಗೆ ಕೊಡುವ ಇಂಟರ್ನ್‌ಶಿಪ್ ಡೈರಿಯನ್ನು ದಿನಾ ಬರೆಯಿರಿ. ಕೊನೆಯ ದಿನ ಕೂತು ಒಂದೇ ಪೆನ್ನಿನಲ್ಲಿ ಇಡೀ ತಿಂಗಳದ್ದು ಬರೆದರೆ ನೋಡಿದ ತಕ್ಷಣ ಗೊತ್ತಾಗುತ್ತದೆ.

ಕೆಂಪು ದಾರ ಉತ್ತರಿಸಿದ್ದು:

ನಾನು ಜಿಲ್ಲಾ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಪ್ರತಿ ಬೇಸಿಗೆ ನಮ್ಮ ಆಫೀಸಿಗೆ ಒಬ್ಬಿಬ್ಬರು ವಿದ್ಯಾರ್ಥಿಗಳು ಬರುತ್ತಾರೆ. ಬಂದವರು ಏನು ಕಲಿತು ಹೋದರು ಅನ್ನೋದನ್ನು ಈ ಕಡೆಯ ಕುರ್ಚಿಯಿಂದ ನೋಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ರಜೆಯ ಮಾತು ಮೊದಲು. ಹೌದು, ಮೇ ತಿಂಗಳಲ್ಲಿ ಹೈಕೋರ್ಟಿಗೂ ಸಿವಿಲ್ ಕೋರ್ಟುಗಳಿಗೂ ಬೇಸಿಗೆ ರಜೆ. ಆದರೆ ಮ್ಯಾಜಿಸ್ಟ್ರೇಟ್ ಕೋರ್ಟು ನಡೆಯುತ್ತಿರುತ್ತದೆ. ಪೊಲೀಸರು ಹಿಡಿದವನನ್ನು ರಜೆ ಮುಗಿಯಲಿ ಅಂತ ಕೂರಿಸಿಕೊಳ್ಳೋಕೆ ಆಗುತ್ತದಾ? 24 ಗಂಟೆಯೊಳಗೆ ಹಾಜರುಪಡಿಸಬೇಕು. ಜಾಮೀನು, ತುರ್ತು ತಡೆಯಾಜ್ಞೆ ಇಂಥವನ್ನು ರಜಾಕಾಲದ ನ್ಯಾಯಾಧೀಶರು ಕೇಳುತ್ತಾರೆ. ಉಳಿದಂತೆ ಸೀನಿಯರ್‌ಗಳು ಆಫೀಸಿನಲ್ಲಿ ಸಿಗುತ್ತಾರೆ, ಅದೇ ದೊಡ್ಡ ಲಾಭ. ಬೇರೆ ತಿಂಗಳಲ್ಲಿ ಬೆಳಿಗ್ಗೆ ಹನ್ನೊಂದರ ಮೇಲೆ ನಮಗೆ ಮಾತಾಡಲು ಪುರುಸೊತ್ತಿಲ್ಲ. ನನ್ನ ಸಲಹೆ ಇಷ್ಟು: ಮೇ ಮೂರನೇ ವಾರದ ಹೊತ್ತಿಗೆ ಸೇರಿಕೊಳ್ಳಿ. ರಜೆಯಲ್ಲಿ ಫೈಲು ಓದಿ. ಕೋರ್ಟು ಶುರುವಾದ ಮೇಲೆ ಅದೇ ಫೈಲಿನ ಹಿಂದೆ ಹಾಲಿಗೆ ಹೋಗಿ. ನಿಮ್ಮ ಸ್ನೇಹಿತೆಗೆ ಏನೂ ತಿಳಿಯದೇ ಇದ್ದುದಕ್ಕೆ ಇದೇ ಕಾರಣ ಇರಬೇಕು. ಫೈಲು ಓದದೆ ಹೋಗಿ ಕೂತರೆ ನನಗೂ ಬೇರೆಯವರ ಕೇಸು ತಿಳಿಯುವುದಿಲ್ಲ.

ನಾನು ಬಂದವರಿಗೆ ಮೊದಲು ಕೊಡುವುದು ತೀರ್ಮಾನವಾಗಿ ಮೂಲೆ ಸೇರಿದ ಒಂದು ಹಳೇ ಫೈಲು. ಆರ್ಡರ್ ಶೀಟಿನಿಂದ ಶುರು ಮಾಡಿ ಅನ್ನುತ್ತೇನೆ. ಪ್ರತಿ ತಾರೀಖಿನಂದು ಕೋರ್ಟಿನಲ್ಲಿ ಏನಾಯಿತು ಅಂತ ಬರೆದಿಡುವ ಹಾಳೆ ಅದು, ಇರುವುದೆಲ್ಲ ಚುಟುಕು ಸಾಲುಗಳು. ಸಮನ್ಸ್ ಜಾರಿಯಾಗದೆ ವಾಪಸ್. ಪ್ರೋಸೆಸ್ ಫೀ (ಸಮನ್ಸ್ ಜಾರಿಯ ಶುಲ್ಕ) ಕಟ್ಟಿಲ್ಲ. ಸಾಕ್ಷಿ ಗೈರು. ಕಾಲಾವಕಾಶ ಕೋರಿದ್ದಾರೆ. ಎರಡನೇ ಪ್ರತಿವಾದಿ ಮೃತ, ವಾರಸುದಾರರನ್ನು ಸೇರಿಸಲು ಅರ್ಜಿ. ಐದಾರು ಪುಟ ತಿರುಗಿಸಿದರೆ ದಾವೆ ಯಾಕೆ ವರ್ಷಗಟ್ಟಲೆ ಎಳೆಯಿತು ಅಂತ ಕಣ್ಣಿಗೆ ಕಾಣುತ್ತದೆ. ನ್ಯಾಯ ವಿಳಂಬ ಅಂತ ಕಾಲೇಜಿನಲ್ಲಿ ಪ್ರಬಂಧ ಬರೆಸುತ್ತಾರಲ್ಲ, ಅದರ ಮೂಲ ಇಲ್ಲಿದೆ.

ಆಮೇಲೆ ವಾದಪತ್ರ. ಓದಿ ಮುಗಿಸಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ವಾದಿ ಹೇಳುವುದೇ ಸರಿ ಅನ್ನುತ್ತಾನೆ. ಪ್ರತಿವಾದಿಯ ಲಿಖಿತ ಹೇಳಿಕೆ ಕೊಟ್ಟರೆ, ಅಯ್ಯೋ, ವಾದಿ ಎಷ್ಟು ಸುಳ್ಳು ಹೇಳಿದ್ದಾನೆ ಅನ್ನುತ್ತಾನೆ. ಕೊನೆಗೆ ಪಹಣಿ, ಮ್ಯುಟೇಶನ್, ಕ್ರಯಪತ್ರ ಮುಂದಿಟ್ಟರೆ ಸುಮ್ಮನಾಗುತ್ತಾನೆ. ಇಬ್ಬರೂ ಅರ್ಧರ್ಧ ಹೇಳಿರುತ್ತಾರೆ. ಕಾಲೇಜಿನಲ್ಲಿ ಓದುವುದು ತೀರ್ಪುಗಳನ್ನು. ತೀರ್ಪಿನಲ್ಲಿ ಸಂಗತಿಗಳು ಆಗಲೇ ತೀರ್ಮಾನ ಆಗಿಬಿಟ್ಟಿರುತ್ತವೆ, ಕಾನೂನಿನ ಪ್ರಶ್ನೆ ಮಾತ್ರ ಉಳಿದಿರುತ್ತದೆ. ಫೈಲಿನ ವಾದಪತ್ರ, ಲಿಖಿತ ಹೇಳಿಕೆ ಓದುವಾಗ ಇನ್ನೂ ಯಾವುದೂ ತೀರ್ಮಾನ ಆಗಿರುವುದಿಲ್ಲ. ಈ ವ್ಯತ್ಯಾಸ ಯಾವ ಪುಸ್ತಕದಿಂದಲೂ ಬರುವುದಿಲ್ಲ ಅಂತ ನನ್ನ ನಂಬಿಕೆ. ಇಂಟರ್ನ್‌ಶಿಪ್ಪಿನಿಂದ ಇದೊಂದು ಸಿಕ್ಕರೂ ನಾಲ್ಕು ವಾರ ದಂಡ ಆಗಲಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಒಬ್ಬ ಹೆಂಗಸು ಪ್ಲಾಸ್ಟಿಕ್ ಕವರಿನ ತುಂಬ ಕಾಗದ ಹಿಡಿದು ಬಂದರು. ತಂದೆಯ ಜಮೀನಿನಲ್ಲಿ ತಮಗೆ ಪಾಲು ಬೇಕು. ಕಥೆ ಶುರುವಾದದ್ದು ತಮ್ಮನ ಮದುವೆಯಲ್ಲಿ ನಡೆದ ಜಗಳದಿಂದ. ಒಂದು ಗಂಟೆ ಆದರೂ ಜಮೀನಿನ ಸರ್ವೆ ನಂಬರ್ ಬರಲಿಲ್ಲ. ಇಂಟರ್ನ್ ಹುಡುಗಿಗೆ, ಕವರಿನಲ್ಲಿ ಇರುವುದನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ ಒಂದು ಪಟ್ಟಿ ಮಾಡು, ವಂಶವೃಕ್ಷ ಬರಿ ಅಂದೆ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು, 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆದಾಗ ತಂದೆ ಬದುಕಿರಲೇಬೇಕು ಅಂತಿಲ್ಲ ಅನ್ನುವ 2020ರ ವಿನೀತಾ ಶರ್ಮಾ ತೀರ್ಪು ಅವಳಿಗೆ ಬಾಯಿಪಾಠ. ಇನ್ನೇನು, ಕೇಸು ಗೆದ್ದ ಹಾಗೇ ಅಂತ ಅವಳ ಮುಖದಲ್ಲೇ ಕಾಣುತ್ತಿತ್ತು.

ಕಾಗದ ಜೋಡಿಸುವಾಗ ಛಾಪಾ ಕಾಗದದ ಮೇಲೆ ಬರೆದ ಒಂದು ಪಾಲುಪಟ್ಟಿ ಸಿಕ್ಕಿತು. ಅಣ್ಣತಮ್ಮಂದಿರು ಹಂಚಿಕೊಂಡದ್ದು, ದಿನಾಂಕ 2004ಕ್ಕಿಂತ ಹಿಂದಿನದು. ಈಗ ಅವಳು ಆ ಕಾಯ್ದೆಯ ಸೆಕ್ಷನ್ 6 ಅನ್ನು ಮತ್ತೆ ತೆಗೆದು ನಿಧಾನವಾಗಿ ಓದಿದಳು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ವಿಭಾಗವನ್ನು ತಿದ್ದುಪಡಿ ಮುಟ್ಟುವುದಿಲ್ಲ. ಆದರೆ ವಿಭಾಗ ಅಂದರೆ ನೋಂದಣಿ ಆದ ಪತ್ರದ ಮೂಲಕ ಅಥವಾ ಕೋರ್ಟಿನ ಡಿಕ್ರಿ ಮೂಲಕ ಆದದ್ದು ಅಂತ ವಿವರಣೆ ಇದೆ. ಪಾಲುಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ಸಬ್ ರಿಜಿಸ್ಟ್ರಾರ್ ಮುದ್ರೆ ಹುಡುಕಿದಳು. ಇರಲಿಲ್ಲ. ಕಕ್ಷಿದಾರರನ್ನು, ಇದು ನೋಂದಣಿ ಆಗಿದೆಯಾ ಅಂತ ಅವಳೇ ಕೇಳಿದಳು. ಹೇಳಿಕೊಡಬೇಕಾಗಲಿಲ್ಲ. ಎದುರು ಪಕ್ಷ ಈ ಕಾಗದ ಹಿಡಿದುಕೊಂಡೇ ಬರುತ್ತದೆ, ಅದಕ್ಕೆ ತಕ್ಕ ಹಾಗೆ ವಾದಪತ್ರ ಬರೆಯಬೇಕು ಅಂತ ಅವಳಿಗೆ ಆಗ ಹೊಳೆಯಿತು. ವಂಶವೃಕ್ಷ ಬರೆಯುವಾಗ, ತೀರಿಕೊಂಡ ಒಬ್ಬ ಅಣ್ಣನ ಹೆಂಡತಿ ಮಕ್ಕಳನ್ನೂ ಪ್ರತಿವಾದಿ ಮಾಡಬೇಕು ಅನ್ನೋದು ಹೊರಬಂತು. ವಿಭಾಗದ ದಾವೆಯಲ್ಲಿ ಒಬ್ಬ ಪಾಲುದಾರ ಬಿಟ್ಟುಹೋದರೂ ತೊಂದರೆ. ಹೊರಗಿನಿಂದ ನೋಡಿದರೆ ಅವಳು ಮಾಡಿದ್ದು ಕಾಗದ ಜೋಡಿಸುವ ಕೆಲಸ. ಜೆರಾಕ್ಸ್ ಮಾಡಿಸಿದೆ ಅನ್ನುವ ನಿಮ್ಮ ಸ್ನೇಹಿತ ಮಾಡಿಸುವಾಗ ಓದಿದನಾ ಅಂತ ಒಮ್ಮೆ ಕೇಳಿ ನೋಡಿ.

ಚೆಕ್ ಬೌನ್ಸ್ ಕೇಸನ್ನು ಕೀಳು ಅಂದುಕೊಳ್ಳಬೇಡಿ, ದಿನ ಲೆಕ್ಕ ಹಾಕಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸು, ನೋಟಿಸು ಮುಟ್ಟಿದ ಮೇಲೆ ದುಡ್ಡು ಕೊಡಲು 15 ದಿನ, ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು. ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ಫೈಲು ಕೊಟ್ಟು ಕೊನೇ ದಿನ ಯಾವುದು ಅಂತ ಕೇಳಿದರೆ ಪರದಾಡುತ್ತಾರೆ. ಬ್ಯಾಂಕ್ ಮೆಮೊ ಮೇಲಿನ ದಿನಾಂಕ ಒಂದು, ಅದು ಕಕ್ಷಿದಾರನ ಕೈಗೆ ಬಂದ ದಿನ ಇನ್ನೊಂದು. ನೋಟಿಸು ಕಳಿಸಿದ ದಿನಕ್ಕೂ ಮುಟ್ಟಿದ ದಿನಕ್ಕೂ ವ್ಯತ್ಯಾಸ. ಮನೆ ಬೀಗ ಹಾಕಿತ್ತು ಅಂತ ಲಕೋಟೆ ವಾಪಸ್ ಬಂದಿದ್ದರೆ ಮತ್ತೊಂದು ಚರ್ಚೆ.

ಪಾಟಿ ಸವಾಲು ನೋಡುವಾಗ ಸಾಕ್ಷಿಯ ಮುಖ್ಯ ವಿಚಾರಣೆಯ ಪ್ರಮಾಣಪತ್ರದ (ಅಫಿಡವಿಟ್) ಪ್ರತಿ ಕೈಯಲ್ಲಿರಲಿ. ಸಿನಿಮಾದ ಹಾಗೆ ಯಾರೂ ಮೇಜು ಕುಟ್ಟುವುದಿಲ್ಲ. ವಕೀಲರು ಕೇಳುತ್ತಾರೆ, ಸಾಕ್ಷಿ ಏನೋ ಹೇಳುತ್ತಾನೆ, ನ್ಯಾಯಾಧೀಶರು ಅದನ್ನು ಬರೆಸುತ್ತಾರೆ, ಸ್ಟೆನೋ ಟೈಪ್ ಮಾಡುತ್ತಾರೆ. ಹಾಳೆಯ ಮೇಲೆ ಏನು ಬಂತೋ ಅದೇ ಸಾಕ್ಷ್ಯ. ಹತ್ತಿರ ಕೂತು ಗಮನಿಸಿ. ಒಳ್ಳೆಯ ವಕೀಲರ ಕಣ್ಣು ಸಾಕ್ಷಿಯ ಮೇಲೆ ಎಷ್ಟಿರುತ್ತದೋ ಟೈಪ್ ಆಗುತ್ತಿರುವುದರ ಮೇಲೂ ಅಷ್ಟೇ ಇರುತ್ತದೆ. ನೀವು ಹೇಳುತ್ತಿರುವುದು ಸುಳ್ಳು ಅಂತ ವಕೀಲರು ಕೇಳಿದ್ದಕ್ಕೆ ಉತ್ತರವಾಗಿ ಕೊನೆಯಲ್ಲಿ ಸಾಲಾಗಿ ಬರುವ ‘ನಾನು ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ’ ಅನ್ನುವ ವಾಕ್ಯ ಕೇಳಿ ವಿದ್ಯಾರ್ಥಿಗಳು ನಗುತ್ತಾರೆ. ಸಾಕ್ಷಿ ಒಪ್ಪಲ್ಲ ಅಂತ ಗೊತ್ತಿದ್ದೂ ಯಾಕೆ ಕೇಳುತ್ತೀರಿ ಅಂತ. ನಮ್ಮ ಪಕ್ಷ ಏನು ಅನ್ನೋದನ್ನು ಸಾಕ್ಷಿಯ ಮುಂದೆ ಇಡದೇ ಬಿಟ್ಟರೆ, ಅವನ ಮಾತನ್ನು ನಾವು ಪ್ರಶ್ನಿಸಲೇ ಇಲ್ಲ ಅಂತ ಎದುರು ವಕೀಲರು ವಾದ ಮಾಡುತ್ತಾರೆ. ಅದಕ್ಕೆ.

ಇನ್ನೊಂದು ವಿಷಯ. ಗುಮಾಸ್ತರ ಜೊತೆ ಸ್ನೇಹ ಇಟ್ಟುಕೊಳ್ಳಿ. ಕೋರ್ಟ್ ಫೀ ಎಷ್ಟು, ನಕಲು ಅರ್ಜಿ ಎಲ್ಲಿ, ಆಫೀಸ್ ಆಬ್ಜೆಕ್ಷನ್ (ಕೋರ್ಟ್ ಕಚೇರಿಯ ಆಕ್ಷೇಪಣೆ) ಯಾಕೆ ಬಂತು, ಎಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಟ್ರ್ಯಾಕ್ ಚೇಂಜಸ್ ಉತ್ತರಿಸಿದ್ದು:

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಫರ್ಮ್ ಅಂದರೆ ಬರೀ ಎಸಿ ರೂಮು ಅಲ್ಲ. ನಾನು ಫರ್ಮ್‌ನಲ್ಲಿ ಕಲಿತದ್ದು ಟೈಟಲ್, ಅಂದರೆ ಆಸ್ತಿಯ ಒಡೆತನ, ನೋಡುವುದನ್ನು. ಒಂದು ಸೈಟಿಗೆ ಮೂವತ್ತು ವರ್ಷದ ಇಸಿ (ಋಣಭಾರ ಪತ್ರ), ಹಿಂದಿನ ಕ್ರಯಪತ್ರಗಳು, ಖಾತೆ, ಭೂಪರಿವರ್ತನೆ ಆದೇಶ ಎಲ್ಲ ಇಟ್ಟುಕೊಂಡು ಎಲ್ಲಿ ಕೊಂಡಿ ತಪ್ಪಿದೆ ಅಂತ ಹುಡುಕುವುದು. ಕೆಂಪು ದಾರ ಹೇಳಿದ ಆ ಪಾಲುಪಟ್ಟಿ ಇದೆಯಲ್ಲ, ಅದನ್ನು ಜಗಳ ಆಗುವ ಮುಂಚೆಯೇ ಹಿಡಿಯುವುದು ನಮ್ಮ ಕೆಲಸ.

ಇನ್ನೊಂದು, ಚಿಕ್ಕದಾಗಿ ಬರೆಯುವುದು. ಹತ್ತು ಪುಟದ ರಿಸರ್ಚ್ ನೋಟ್ ಕೊಟ್ಟರೆ, ಎರಡು ಪುಟಕ್ಕೆ ಇಳಿಸಿ, ಉತ್ತರವನ್ನು ಮೊದಲ ಪ್ಯಾರಾದಲ್ಲಿ ಬರಿ ಅಂತ ವಾಪಸ್ ಬರುತ್ತದೆ. ಹಾಳೆ ತುಂಬ ಕೆಂಪು ಗೆರೆ.

ತೀರ್ಪು ಹುಡುಕುವಾಗ ಎಐ ಕೊಟ್ಟದ್ದನ್ನು ತೆರೆದು ಓದದೆ ಎಲ್ಲೂ ಹಾಕಬೇಡಿ. 2025ರಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟ್ ಒಂದರ ಆದೇಶದಲ್ಲಿ ಇಲ್ಲದ ತೀರ್ಪುಗಳ ಉಲ್ಲೇಖ ಬಂದದ್ದನ್ನು ನಮ್ಮ ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತ್ತು.

ಎರಡನೇ ವರ್ಷದವನು:

ಎಲ್ಲರಿಗೂ ಥ್ಯಾಂಕ್ಸ್. ಈ ವರ್ಷ ಜಿಲ್ಲಾ ಕೋರ್ಟ್, ಫರ್ಮ್ ಮುಂದಿನ ವರ್ಷ ಅಂತ ಅಂದುಕೊಂಡಿದ್ದೇನೆ. ಕೆಂಪು ದಾರ ಅವರೇ, ಸೀನಿಯರ್ ಫೈಲೇ ಕೊಡದಿದ್ದರೆ? ಕೆಲವರು ಸುಮ್ನೆ ಕೂರಿಸುತ್ತಾರಂತೆ.

ಕೆಂಪು ದಾರ:

ಕೂರಿಸುತ್ತಾರೆ, ಸುಳ್ಳಲ್ಲ. ಕೆಲವರಿಗೆ ನೀವು ಬಂದದ್ದೇ ನೆನಪಿರುವುದಿಲ್ಲ. ಕೆಲಸ ಕೊಡಿ ಸರ್ ಅಂದರೆ ಪ್ರಯೋಜನವಿಲ್ಲ, ಕೊಡಲು ಯೋಚಿಸುವ ಕೆಲಸ ಅವರ ಮೇಲೆ ಬೀಳುತ್ತದೆ. ಸಂಜೆ ಆಫೀಸಿನ ಡೈರಿ ನೋಡಿ, ನಾಳೆ ಸಾಕ್ಷ್ಯಕ್ಕೆ ಇರುವ ಕೇಸು ಯಾವುದು ಅಂತ ತಿಳಿದುಕೊಂಡು, ಆ ಫೈಲನ್ನು ಇಲ್ಲೇ ಕೂತು ಓದಲಾ ಅಂತ ಕೇಳಿ. ಇಲ್ಲ ಅನ್ನುವವರು ಕಡಿಮೆ. ಓದಿ ದಿನಾಂಕಗಳ ಪಟ್ಟಿ ಮಾಡಿ ಫೈಲಿನೊಳಗೆ ಇಡಿ. ಮಾರನೇ ದಿನ ಅವರು ಅದನ್ನು ಬಳಸಿದರೆ ಮುಂದಿನ ಫೈಲು ತಾನಾಗಿಯೇ ಬರುತ್ತದೆ.

ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಸಂಜೆ ಕೇಳಿ. ಕೋರ್ಟ್ ಹಾಲಿನಲ್ಲಿ, ಕಕ್ಷಿದಾರರ ಮುಂದೆ ಬೇಡ. ಫೈಲಿನ ಫೋಟೊ ತೆಗೆಯುವುದು, ವಾಟ್ಸಾಪ್‌ನಲ್ಲಿ ಕೇಸಿನ ಕಥೆ ಹೇಳುವುದು ಎರಡೂ ಬೇಡವೇ ಬೇಡ. ಕಾಲೇಜಿನ ಡೈರಿಯಲ್ಲೂ ಹೆಸರಿನ ಬದಲು ವಾದಿ, ಪ್ರತಿವಾದಿ ಅಂತಲೇ ಬರೆಯಿರಿ.

ಕನ್ನಡ ಟೈಪಿಂಗ್ ಬರುತ್ತದಾ? ನಮ್ಮ ಕಡೆ ವಾದಪತ್ರ, ಅರ್ಜಿ ಜಾಸ್ತಿ ಕನ್ನಡದಲ್ಲೇ, ‘ನುಡಿ’ ಸಾಫ್ಟ್‌ವೇರಿನಲ್ಲಿ. ಬಾರದಿದ್ದರೆ ಪರೀಕ್ಷೆ ಮುಗಿದ ವಾರದಲ್ಲಿ ಕಲಿತುಬಿಡಿ. ಟೈಪ್ ಮಾಡಬಲ್ಲ ಇಂಟರ್ನ್ ಅನ್ನು ಯಾರೂ ಸುಮ್ನೆ ಕೂರಿಸುವುದಿಲ್ಲ.